ಬಯೋಚಾರ್: ಹತ್ತಿ ಕಟ್ಟಿಗೆ ಸಂಭಾಜಿನಗರದಲ್ಲಿ, ಅನಿಲದ ಚಿಂತೆ ನಾಸಿಕ್‌ನಲ್ಲಿ!

ಹತ್ತಿ ಬಿಡಿಸಿ ಮುಗಿದ ಮೇಲೆ ಛತ್ರಪತಿ ಸಂಭಾಜಿನಗರ (ಹಿಂದಿನ ಔರಂಗಾಬಾದ್) ಜಿಲ್ಲೆಯ ಹೊಲಗಳಲ್ಲಿ ಹತ್ತಿ ಕಟ್ಟಿಗೆ ರಾಶಿ ಬೀಳುತ್ತದೆ. ಒಂದಿಷ್ಟು ಒಲೆಗೆ, ಉಳಿದದ್ದು ಬೆಂಕಿಗೆ. ಗುಲಾಬಿ ಕಾಯಿಕೊರಕ ಅದರಲ್ಲೇ ಉಳಿದು ಮುಂದಿನ ಬೆಳೆಗೆ ದಾಟುವುದರಿಂದ ಕಟ್ಟಿಗೆಯನ್ನು ಬೇಗ ನಾಶಪಡಿಸುವಂತೆ ಕೃಷಿ ತಜ್ಞರೂ ಹೇಳುತ್ತಾರೆ. ಈಗ ಇದಕ್ಕೆ ಹೊಸ ಗಿರಾಕಿ ಬಂದಿದೆ. ಅದು ಬಯೋಚಾರ್ ಉದ್ಯಮ.

ಕೃಷಿ ತ್ಯಾಜ್ಯವನ್ನು ಗಾಳಿಯಾಡದಂತೆ 350ರಿಂದ 700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಸಿಗುವ ಇದ್ದಿಲೇ ಬಯೋಚಾರ್. ಸುಟ್ಟರೆ ಹೊಗೆಯಾಗಿ ಹೋಗುವ ಇಂಗಾಲದಲ್ಲಿ ದೊಡ್ಡ ಪಾಲು ಹೀಗೆ ನೂರಾರು ವರ್ಷ ಮಣ್ಣಿನಲ್ಲಿ ಉಳಿಯುತ್ತದೆ. 2025ರ ಜನವರಿಯಲ್ಲಿ ಭಾರತದ ವರಾಹ ಕಂಪನಿಯಿಂದ 1 ಲಕ್ಷ ಟನ್ ಕಾರ್ಬನ್ ಕ್ರೆಡಿಟ್ ಖರೀದಿಸಲು ಗೂಗಲ್ ಒಪ್ಪಿಕೊಂಡಿತು. ನಂತರ ಮೈಕ್ರೋಸಾಫ್ಟ್ ಕೂಡ ಅದೇ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಅದರ ಕಚ್ಚಾವಸ್ತು ಮಹಾರಾಷ್ಟ್ರದ ಹತ್ತಿ ಕಟ್ಟಿಗೆ.

ಆದರೆ ಈ ಕ್ರೆಡಿಟ್‌ಗಳಲ್ಲಿ ಲೆಕ್ಕಕ್ಕೆ ಬರುವುದು ಮುಖ್ಯವಾಗಿ ಇದ್ದಿಲಿನಲ್ಲಿ ಉಳಿದ ಇಂಗಾಲ. ಹೊಲದ ಮಣ್ಣಿನಿಂದ ಹೊರಬರುವ ನೈಟ್ರಸ್ ಆಕ್ಸೈಡ್‌ನ ಕಥೆ ಬೇರೆ. ನೂರು ವರ್ಷಗಳ ಲೆಕ್ಕದಲ್ಲಿ ಇದು ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 273 ಪಟ್ಟು ಹೆಚ್ಚು ಬಿಸಿ ಹಿಡಿಯುವ ಅನಿಲ. ಯೂರಿಯಾದಂಥ ಸಾರಜನಕ ಗೊಬ್ಬರ ಮತ್ತು ತೇವ ಎರಡೂ ಸೇರಿದಲ್ಲಿ ಇದು ಹೆಚ್ಚು ಹುಟ್ಟುತ್ತದೆ. ಅಂದರೆ ಮಳೆಯಾಶ್ರಿತ ಹತ್ತಿ ಹೊಲಕ್ಕಿಂತ ನಾಸಿಕ್‌ನ ನಿಫಾಡ್, ಲಾಸಲ್‌ಗಾಂವ್ ಸುತ್ತಮುತ್ತ ನೀರು, ಗೊಬ್ಬರ ಎರಡನ್ನೂ ಧಾರಾಳವಾಗಿ ಪಡೆಯುವ ಈರುಳ್ಳಿ, ದ್ರಾಕ್ಷಿ ತೋಟಗಳಲ್ಲೇ ತಗ್ಗಿಸಬೇಕಾದ ಅನಿಲ ಹೆಚ್ಚಿರುವ ಸಾಧ್ಯತೆ. ಹಲವು ದೇಶಗಳ ಪ್ರಯೋಗಗಳನ್ನು ಒಟ್ಟಿಗೆ ನೋಡಿದ ಅಧ್ಯಯನಗಳಲ್ಲಿ ಬಯೋಚಾರ್ ಹಾಕಿದಾಗ ಈ ಅನಿಲ ಸರಾಸರಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿದಿದೆ. ಆದರೆ ಒಂದು ವರ್ಷ ಕಳೆದರೆ ಪರಿಣಾಮ ಮಂಕಾಗುತ್ತದೆ.

ಇನ್ನೊಂದು ಅಡ್ಡಿ ಮಣ್ಣಿನದೇ. ಬಯೋಚಾರ್ ಸಾಮಾನ್ಯವಾಗಿ ಕ್ಷಾರ ಗುಣದ್ದು, ಹುಳಿ ಮಣ್ಣಿಗೆ ಅದು ಸುಣ್ಣದಂತೆ ಕೆಲಸ ಮಾಡುತ್ತದೆ. ಮರಾಠವಾಡದ ಕಪ್ಪು ಮಣ್ಣು ಮೊದಲೇ ಕ್ಷಾರೀಯ, ನೀರನ್ನೂ ತಾನೇ ಹಿಡಿದಿಡುತ್ತದೆ. ಹಾಗಾಗಿ ಬೇರೆಡೆ ಕಂಡ ಇಳುವರಿ ಹೆಚ್ಚಳವನ್ನು ಇಲ್ಲಿ ನಿರೀಕ್ಷಿಸುವುದು ಅವಸರವಾದೀತು.

ಲೆಕ್ಕವನ್ನೂ ನೋಡಬೇಕು. ಹೆಕ್ಟೇರಿಗೆ ಎರಡು-ಮೂರು ಟನ್ ಒಣ ಕಟ್ಟಿಗೆ ಸಿಕ್ಕರೆ ಅದರಿಂದ ಬರುವುದು ಒಂದು ಟನ್‌ಗೂ ಕಡಿಮೆ ಇದ್ದಿಲು. ಪ್ರಯೋಗಗಳಲ್ಲಿ ಬಳಸುವುದು ಸಾಮಾನ್ಯವಾಗಿ ಹೆಕ್ಟೇರಿಗೆ 5ರಿಂದ 20 ಟನ್! ಒಂದು ಹೆಕ್ಟೇರಿಗೆ 10 ಟನ್ ಹಾಕಲು ಹತ್ತಕ್ಕೂ ಹೆಚ್ಚು ಹೆಕ್ಟೇರಿನ ಕಟ್ಟಿಗೆ ಬೇಕು. ಸಂಭಾಜಿನಗರದಿಂದ ನಾಸಿಕ್‌ಗೆ ಇನ್ನೂರು ಕಿಲೋಮೀಟರ್ ಹತ್ತಿರ ಲಾರಿಯಲ್ಲಿ ಹೊತ್ತರೆ ಡೀಸೆಲ್ ಹೊಗೆಯನ್ನೂ ಕಳೆಯಬೇಕು. ಅದಕ್ಕಿಂತ ನಾಸಿಕ್ ತೋಟಗಳಲ್ಲಿ ಏಪ್ರಿಲ್ ಮತ್ತು ಅಕ್ಟೋಬರ್ ಚಾಟ್ನಿಯಲ್ಲಿ ಕತ್ತರಿಸಿದ ಕಡ್ಡಿಗಳನ್ನೇ ಬಳಸಿ, ಗೊಬ್ಬರ ಹಾಕುವ ಬಳ್ಳಿಯ ಬುಡಕ್ಕೆ ಮಾತ್ರ ಕೊಡುವುದು ಹೆಚ್ಚು ಕಾರ್ಯಸಾಧ್ಯ. ಹಸಿ ಇದ್ದಿಲನ್ನು ನೇರ ಹಾಕಿದರೆ ಅದು ಸ್ವಲ್ಪ ಕಾಲ ಸಾರಜನಕವನ್ನು ತಾನೇ ಹಿಡಿದುಕೊಳ್ಳುತ್ತದೆ, ಕೊಟ್ಟಿಗೆ ಗೊಬ್ಬರದೊಂದಿಗೆ ಬೆರೆಸಿ ಹಾಕುವುದು ವಾಸಿ.

ಕುಲುಮೆಯ ಗುಣಮಟ್ಟವೂ ಮುಖ್ಯ. ಹಸಿ ಕಡ್ಡಿ ತುಂಬಿ ಹೊಗೆ ಎಬ್ಬಿಸಿದರೆ ಹೊರಬರುವ ಮೀಥೇನ್ ಲಾಭವನ್ನೇ ನುಂಗುತ್ತದೆ.

ವಿಜಯಪುರದ ದ್ರಾಕ್ಷಿ ಬೆಳೆಗಾರರು, ರಾಯಚೂರಿನ ಹತ್ತಿ ರೈತರು ಇದನ್ನು ಗಮನಿಸಬೇಕು. ಅವರ ಹೊಲಗಳೂ ಬಹುಪಾಲು ಕಪ್ಪು ಮಣ್ಣಿನವೇ. ಕಂಪನಿ ಬಂದು ಕಟ್ಟಿಗೆ ಕೇಳಿದಾಗ ಟನ್ನಿಗೆಷ್ಟು ಎಂಬುದರ ಜೊತೆಗೆ ಕ್ರೆಡಿಟ್ ಹಣದಲ್ಲಿ ರೈತನ ಪಾಲೆಷ್ಟು, ಇದ್ದಿಲು ಅವನ ಹೊಲಕ್ಕೇ ಮರಳುತ್ತದೆಯೇ ಎಂಬುದನ್ನೂ ಒಪ್ಪಂದದಲ್ಲಿ ಬರೆಸಿಕೊಳ್ಳುವುದು ಒಳ್ಳೆಯದು. ಒಲೆಗೆ ಕಟ್ಟಿಗೆ ಒಯ್ಯುತ್ತಿದ್ದ ಕೂಲಿ ಮನೆಗಳಿಗೆ ಬದಲಿ ಏನು ಎಂಬ ಪ್ರಶ್ನೆ ಮಾತ್ರ ಸದ್ಯಕ್ಕೆ ಯಾರ ಒಪ್ಪಂದದಲ್ಲೂ ಸುಲಭವಾಗಿ ಜಾಗ ಪಡೆಯುವಂಥದ್ದಲ್ಲ.