ಮೊಟ್ಟೆ ಮಾರಿ ಬಿಸ್ಕತ್ತು ತಿನ್ನೋ ಲೆಕ್ಕ

ಬೆಳಿಗ್ಗೆ ಡೇರಿಗೆ ಹಾಲು ಹಾಕಿ ಬಂದು, ಟೀಗೆ ನಾಲ್ಕು ಬಿಸ್ಕತ್ತು ಅದ್ದಿ ತಿಂದು ಹೊಲಕ್ಕೆ ಹೋಗೋ ಹುಡುಗರು ನಮ್ಮೂರಲ್ಲಿ ಬೀದಿಗೆ ಹತ್ತು ಜನ ಸಿಗ್ತಾರೆ. 11 ಗಂಟೆಗೆ ಊಟ ಬರೋವರೆಗೆ ನೀರು ಕಟ್ಟೋದು, ಔಷಧಿ ಹೊಡೆಯೋದು ಎಲ್ಲಾ ಆ ನಾಲ್ಕು ಬಿಸ್ಕತ್ತಿನ ಮೇಲೇ. ಅದೇ ಮನೆಗಳ ಹಿತ್ತಲಲ್ಲಿ ಐದಾರು ಕೋಳಿ ಇರ್ತವೆ. ಮೊಟ್ಟೆ ಅಂಗಡಿಗೆ ಹೋಗುತ್ತೆ, ಬಿಸ್ಕತ್ತಿನ ಪ್ಯಾಕೆಟ್ ಮನೆಗೆ ಬರುತ್ತೆ. ಈ ವ್ಯಾಪಾರ ನನಗೆ ಸರಿ ಕಾಣಲ್ಲ.

ಬಿಸ್ಕತ್ತಿನ ಮೇಲೆ ಸಿಟ್ಟೇನಿಲ್ಲ. ಟೀ ಜೊತೆ ಎರಡು ಇರಲಿ, ಅದನ್ನೇ ತಿಂಡಿ ಅನ್ನಬೇಡಿ ಅಷ್ಟೇ. ಪ್ಯಾಕೆಟ್ ತಿರುಗಿಸಿ, ಅಕ್ಷರ ಸಣ್ಣದಿದ್ರೆ ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ಓದಿ. ಮೈದಾ, ಸಕ್ಕರೆ, ಪಾಮ್ ಎಣ್ಣೆ ಇವೇ ಮುಖ್ಯ. ಸಾಮಾನ್ಯ ಗ್ಲೂಕೋಸ್ ಬಿಸ್ಕತ್ತಿನಲ್ಲಿ ಸುಮಾರು ಕಾಲು ಭಾಗ ಸಕ್ಕರೆ. 100 ಗ್ರಾಂಗೆ ಪ್ರೋಟೀನ್ 7 ಗ್ರಾಂ ಆಸುಪಾಸು, ಅಂದ್ರೆ ನಾಲ್ಕು ಬಿಸ್ಕತ್ತಿಗೆ 2 ಗ್ರಾಂ ಕೂಡ ಆಗಲ್ಲ. 50 ಗ್ರಾಂ ತೂಕದ ಒಂದೇ ಮೊಟ್ಟೆಯಲ್ಲಿ 6 ಗ್ರಾಂ ಇದೆ. ದನಕ್ಕೆ ಹಿಂಡಿ ಹಾಕುವಾಗ ಪ್ರೋಟೀನ್ ಎಷ್ಟು ಅಂತ ಚೀಲ ನೋಡ್ತೀವಿ, ನಮ್ಮ ಹೊಟ್ಟೆಗೆ ಮಾತ್ರ ನೋಡಲ್ಲ.

"ನಾಟಿ ಮೊಟ್ಟೆಗೆ ಒಳ್ಳೆ ರೇಟಿದೆ, ತಿಂದು ಹಾಳು ಮಾಡೋದಾ?" ಅಂತೀರಿ. ನ್ಯಾಯವಾದ ಮಾತು. ಹಾಗಾದ್ರೆ ಮಾರಿ. ನಮ್ಮ ಕಡೆ ಒಂದು ನಾಟಿ ಮೊಟ್ಟೆ ದುಡ್ಡಿಗೆ ಹೆಚ್ಚುಕಡಿಮೆ ಎರಡು ಫಾರಂ ಮೊಟ್ಟೆ ಬರುತ್ತವೆ. ಫಾರಂ ಮೊಟ್ಟೆಯಲ್ಲಿ ಶಕ್ತಿ ಇಲ್ಲ ಅನ್ನೋದು ಬರೀ ಮಾತು. ರುಚಿ ಬೇರೆ ಇರಬಹುದು, ಪ್ರೋಟೀನಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ನಾಟಿ ಮೊಟ್ಟೆ ಗಾತ್ರದಲ್ಲೂ ಚಿಕ್ಕದು. ಮೊಟ್ಟೆ ಕೊಟ್ಟು ಮೊಟ್ಟೆಯನ್ನೇ ತನ್ನಿ. ಹಿತ್ತಲಲ್ಲೇ ಜಾಸ್ತಿ ಮೊಟ್ಟೆ ಬೇಕು ಅನ್ನೋರು ನಮ್ಮ ಬೆಂಗಳೂರಿನ ಹೆಬ್ಬಾಳದಲ್ಲೇ ಬೆಳೆದ ತಳಿಗಳಾದ ಗಿರಿರಾಜ, ಸ್ವರ್ಣಧಾರಾ ಸಾಕಬಹುದು. ಮರಿ ಮಾತ್ರ ಪ್ರತಿ ಸಲ ಕೊಂಡು ತರಬೇಕು.

ಒಂದು ವಿಷಯ ಮರೀಬೇಡಿ. ಬಹಳ ಮನೆಗಳಲ್ಲಿ ಕೋಳಿ ದುಡ್ಡು ಅಮ್ಮನ ಕೈಖರ್ಚಿನ ದುಡ್ಡು. ಅವರನ್ನ ಕೇಳದೆ ಗೂಡಿಗೆ ಕೈ ಹಾಕೋದು ತಪ್ಪು. ತಿಂಡಿ ಬದಲಾದ್ರೆ ಅವರ ತಟ್ಟೆಗೂ ಒಂದು ಮೊಟ್ಟೆ ಬೀಳಬೇಕು. ಎಲ್ಲರಿಗೂ ಬಡಿಸಿ ಕೊನೆಗೆ ಟೀ ಬಿಸ್ಕತ್ತಿನಲ್ಲಿ ಮುಗಿಸೋರು ಅವರೇ.

ಮಾಡೋಕೆ ಟೈಮಿಲ್ಲ ಅನ್ನೋರಿಗೆ ರಾಗಿ ರೊಟ್ಟಿ ಸಾಕು. ಹಿಟ್ಟಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಉಪ್ಪು, ಬಿಸಿನೀರು ಹಾಕಿ ಕಲಸಿ, ಎಣ್ಣೆ ಸವರಿದ ಕಾವಲಿ ಮೇಲೆ ತೆಳ್ಳಗೆ ತಟ್ಟಿ. ಒಂದು ಕಡೆ ಬೆಂದ ಮೇಲೆ ತಿರುವಿ ಹಾಕಿ, ಅದರ ಮೇಲೆ ಮೊಟ್ಟೆ ಒಡೆದು ಚಮಚದಲ್ಲಿ ಹರಡಿ, ಎರಡು ನಿಮಿಷ ಮುಚ್ಚಿಡಿ. ಮತ್ತೆ ತಿರುವಿ ಹಾಕಿ ಮೊಟ್ಟೆ ಪೂರ್ತಿ ಬೇಯಿಸಿ. ನೀವೇ ಮಾಡಿ, ಹೆಂಡತಿ ಏಳಲಿ ಅಂತ ಕಾಯಬೇಡಿ. ಅದೂ ಆಗಲ್ಲ ಅಂದ್ರೆ ಎರಡು ಮೊಟ್ಟೆ 10 ನಿಮಿಷ ಕುದಿಸಿ, ಸಿಪ್ಪೆ ಸಮೇತ ಡಬ್ಬಿಯಲ್ಲಿ ಹಾಕ್ಕೊಂಡು ಹೋಗಿ. ಔಷಧಿ ಮುಟ್ಟಿದ ಕೈಯನ್ನ ಸೋಪು ಹಾಕಿ ತೊಳೆದ ಮೇಲೇ ಸಿಪ್ಪೆ ಬಿಡಿಸಿ.