ಜಾತ್ರೆಯ ದಿನಗಳ ಬಾಡಿಗೆಯೂ ವರಮಾನ ತೆರಿಗೆಯೂ

ಹಾಸನಾಂಬೆಯ ಗುಡಿಯ ಬಾಗಿಲು ವರ್ಷಕ್ಕೊಮ್ಮೆ ಆಶ್ವಯುಜದಲ್ಲಿ ತೆರೆದಾಗ ಹಾಸನದ ಬೀದಿಗಳು ಹೇಗಿರುವುವೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾದುದಿಲ್ಲ. 2025ರಲ್ಲಿ ಅಕ್ಟೋಬರ್ 9ರಿಂದ 23ರವರೆಗೆ ಬಾಗಿಲು ತೆರೆದಿದ್ದಿತು. ವಸತಿಗೃಹಗಳು ತುಂಬಿದ ಮೇಲೆ ಗೃಹಸ್ಥರು ಮಹಡಿಯನ್ನೋ ಮುಂದಣ ಕೋಣೆಯನ್ನೋ ಯಾತ್ರಿಕರಿಗೆ ಬಾಡಿಗೆಗೆ ಬಿಟ್ಟುಕೊಡುವುದುಂಟು. ಕೆಲವರು ತಾವೇ ನೆಂಟರ ಮನೆಗೆ ಹೋಗಿ ಇಡೀ ಮನೆಯನ್ನು ಕೊಡುವರು. ಚನ್ನರಾಯಪಟ್ಟಣದ ಸೀಮೆಯವರಿಗೆ ಬೆಳಗೊಳದ ಮಹಾಮಸ್ತಕಾಭಿಷೇಕ 12 ವರ್ಷಗಳಿಗೊಮ್ಮೆ ಬರತಕ್ಕದ್ದು, ಕಳೆದುದು 2018ರಲ್ಲಿ. ಹೊಳೆನರಸೀಪುರದ ನರಸಿಂಹಸ್ವಾಮಿಯ ರಥೋತ್ಸವ, ಅರಕಲಗೂಡು ತಾಲ್ಲೂಕು ರಾಮನಾಥಪುರದ ಷಷ್ಠಿ ಇವುಗಳಿಗೆ ಬರುವವರಿಗೂ ತಂಗಲು ಸ್ಥಳ ಬೇಕಷ್ಟೆ.

“ಹತ್ತು ದಿನದ ಬಾಡಿಗೆಗೆ ತೆರಿಗೆ ಎಲ್ಲಿಯದು?” ಎಂದು ಕೇಳುವವರು ಬಹುಮಂದಿ. ಹತ್ತು ದಿನವೆಂದು ಕಾಯಿದೆ ವಿನಾಯಿತಿ ಕೊಟ್ಟಿಲ್ಲ. ಸ್ವಂತ ವಾಸದ ಮನೆಗೆ ವಾರ್ಷಿಕ ಮೌಲ್ಯ ಸೊನ್ನೆಯೆಂದು ಹಿಡಿಯುವರು, ನಿಜ. ಆದರೆ ವರ್ಷದ ಯಾವುದೇ ಭಾಗದಲ್ಲಿ ಅದನ್ನು ಬಾಡಿಗೆಗೆ ಕೊಟ್ಟರೆ ಆ ವರ್ಷಕ್ಕೆ ಈ ಸೌಲಭ್ಯ ತಪ್ಪುವುದು. ಆಗ ಅಂಥ ಮನೆಗೆ ವರ್ಷವಿಡೀ ನ್ಯಾಯವಾಗಿ ಬರಬಹುದಾದ ಬಾಡಿಗೆ ಒಂದು, ನಿಜವಾಗಿ ಬಂದುದು ಇನ್ನೊಂದು; ಇವೆರಡರಲ್ಲಿ ಹೆಚ್ಚಿನದನ್ನು ಲೆಕ್ಕಕ್ಕೆ ಹಿಡಿಯುವರು. ಮನೆ ಬಾಡಿಗೆದಾರರಿಲ್ಲದೆ ಖಾಲಿ ಉಳಿದಿದ್ದರೆ ಬಂದಷ್ಟನ್ನೇ ಹಿಡಿಯಲು ಅವಕಾಶವುಂಟು. ಆದರೆ ಉಳಿದ ತಿಂಗಳುಗಳಲ್ಲಿ ನಾವೇ ವಾಸವಾಗಿರುವ ಮನೆಯನ್ನು ಖಾಲಿಯೆನ್ನಲಾಗದು.

ಒಂದು ಲೆಕ್ಕವನ್ನು ನೋಡೋಣ. ತಿಂಗಳಿಗೆ 12,000 ರೂಪಾಯಿ ಬಾಡಿಗೆ ಬರಬಹುದಾದ ಮನೆಯನ್ನು ಗೃಹಸ್ಥರೊಬ್ಬರು ಹತ್ತು ದಿನಕ್ಕೆ ಕೊಟ್ಟು 40,000 ಪಡೆದರೆನ್ನಿ. ವರ್ಷದ ಮೌಲ್ಯ 1,44,000. ಅವರು ಕಟ್ಟಿದ ಮನೆಕಂದಾಯ 4,000 ಕಳೆದರೆ 1,40,000; ಅದರಲ್ಲಿ ಶೇಕಡಾ 30, ಅಂದರೆ 42,000 ಕಳೆದು ಉಳಿದ 98,000 ಅವರ ವರಮಾನಕ್ಕೆ ಸೇರುವುದು. ಶೇಕಡಾ 20ರ ಹಂತದಲ್ಲಿರುವವರಿಗೆ ಇದರ ಮೇಲಣ ತೆರಿಗೆ 19,600. ಉಪಕರ ಸೇರಿ 20,384. ಬಂದ ಬಾಡಿಗೆಯ ಅರ್ಧಕ್ಕಿಂತಲೂ ಹೆಚ್ಚು ಹೋಯಿತು! ಸುಣ್ಣ ಬಳಿಸಿದುದು, ದೀಪದ ಖರ್ಚು, ಗುಡಿಸುವವರ ಕೂಲಿ ಎಂದು ಬೇರೆ ಕಳೆಯುವಂತಿಲ್ಲ. ಎಲ್ಲವೂ ಆ 30ರಲ್ಲಿಯೇ ಅಡಗಿದುವು.

ಆದುದರಿಂದ ಕೋಣೆಗಳನ್ನು ಮಾತ್ರ ಕೊಡುವುದು ಲೇಸೆಂದು ನಮಗೆ ತೋರುತ್ತದೆ. ಬಾಡಿಗೆಗೆ ಬಿಟ್ಟ ಭಾಗಕ್ಕಷ್ಟೇ ಲೆಕ್ಕ; ಉಳಿದ ಭಾಗ ಸ್ವಂತ ವಾಸದ್ದಾಗಿಯೇ ನಿಲ್ಲುವುದು. ತಿಂಗಳಿಗೆ 2,500 ಬೆಲೆಬಾಳುವ ಎರಡು ಕೋಣೆಗಳಿಂದ ಹತ್ತು ದಿನಕ್ಕೆ 20,000 ಬಂದರೂ ವರ್ಷದ ಮೌಲ್ಯ 30,000ವೇ. ಶೇಕಡಾ 30 ಕಳೆದರೆ 21,000.

ಇಷ್ಟು ಓದಿ ಗಾಬರಿಯಾಗಬೇಕಾದುದಿಲ್ಲ. ಹೊಸ ಪದ್ಧತಿಯಲ್ಲಿ 2025-26ನೆಯ ಸಾಲಿಗೆ ಒಟ್ಟು ವರಮಾನ 12 ಲಕ್ಷ ರೂಪಾಯಿ ಮೀರದ ನಿವಾಸಿಗಳಿಗೆ ಸಾಮಾನ್ಯ ವರಮಾನದ ಮೇಲಣ ತೆರಿಗೆ ರಿಯಾಯಿತಿಯಿಂದ ಸೊನ್ನೆಯಾಗುವುದು. ಆದರೆ ವರಮಾನದ ಪಟ್ಟಿ ಸಲ್ಲಿಸುವವರು ಬಾಡಿಗೆಯನ್ನು ಅದರಲ್ಲಿ ತೋರಿಸಲೇಬೇಕು.

ಇದನ್ನು ವ್ಯಾಪಾರವೆಂದು ತೋರಿಸಿ ಖರ್ಚುಗಳನ್ನೆಲ್ಲ ಕಳೆಯಬಹುದೆಂಬ ಉಪಾಯವನ್ನು ಕೆಲವರು ಹೇಳುತ್ತಿದ್ದರು. 2024ರ ತಿದ್ದುಪಡಿಯಿಂದ ಆ ದಾರಿ ಮುಚ್ಚಿತು. ವಾಸದ ಮನೆಯ ಬಾಡಿಗೆ ಮಾಲಿಕನಿಗೆ ಮನೆಯಿಂದ ಬಂದ ವರಮಾನವೆಂದೇ ಗಣನೆ. ಊಟ ತಿಂಡಿಗೆ ಪಡೆದ ಹಣ ಬಾಡಿಗೆಯಲ್ಲ. ಅದನ್ನು ಬೇರೆಯಾಗಿ ಬರೆದಿಡತಕ್ಕದ್ದು.

ಸರಕು ಸೇವಾ ತೆರಿಗೆಯ ಮಾತನ್ನೂ ಕೆಲವರು ಎತ್ತುವರು. ವರ್ಷದ ಒಟ್ಟು ವಹಿವಾಟು 20 ಲಕ್ಷ ಮೀರದ ಗೃಹಸ್ಥರಿಗೆ ಅದರ ನೋಂದಣಿ ಸಾಮಾನ್ಯವಾಗಿ ಬೇಕಿಲ್ಲ. ಅಂಗಡಿಯನ್ನೋ ಬೇರೆ ಕಸುಬನ್ನೋ ಇಟ್ಟುಕೊಂಡವರು ಮಾತ್ರ ಆ ವಹಿವಾಟನ್ನೂ ಇದಕ್ಕೆ ಕೂಡಿಸಿಯೇ ನೋಡಬೇಕು.