ಪಂಕ್: ಉರಿದುದೇನು, ಉಳಿದುದೇನು?

೨೦೧೬ರ ನವೆಂಬರ್ ೨೬ರಂದು ಲಂಡನ್ನಿನ ಥೇಮ್ಸ್ ನದಿಯಲ್ಲಿ, ಒಂದು ದೋಣಿಯ ಮೇಲೆ, ಹಳೆಯ ಉಡುಪುಗಳೂ ಧ್ವನಿಮುದ್ರಿಕೆಗಳೂ ಉರಿದು ಬೂದಿಯಾದುವು. ಅವುಗಳ ಬೆಲೆ ೫೦ ಲಕ್ಷ ಪೌಂಡ್ ಎಂದು ಹೇಳಿದವನೂ ಬೆಂಕಿಯಿಟ್ಟವನೂ ಅವುಗಳ ಒಡೆಯನಾದ ಜೋ ಕೊರೇ. ಸೆಕ್ಸ್ ಪಿಸ್ಟಲ್ಸ್ ಎಂಬ ಗಾಯಕತಂಡದ ವ್ಯವಸ್ಥಾಪಕ ಮಾಲ್ಕಮ್ ಮೆಕ್‌ಲಾರೆನ್ ಅವನ ತಂದೆ. ಆ ತಂಡಕ್ಕೆ ವೇಷ ತೊಡಿಸಿದ ವಿವಿಯನ್ ವೆಸ್ಟ್‌ವುಡ್ ತಾಯಿ. ತಂಡದ ಮೊದಲ ಮುದ್ರಿಕೆ ಹೊರಬಂದು ಅಂದಿಗೆ ಸರಿಯಾಗಿ ೪೦ ವರ್ಷ. ಪಂಕ್ ಕೇವಲ ಮಾರಾಟದ ಸರಕಾಯಿತೆಂಬುದು ಮಗನ ದೂರು. ಈ ದೂರು ಎಷ್ಟರಮಟ್ಟಿಗೆ ನಿಜ?

ಪಂಕ್ ಸಂಗೀತ ನ್ಯೂಯಾರ್ಕಿನಲ್ಲಿ ಮೊದಲೇ ತಲೆಯೆತ್ತಿತ್ತಾದರೂ, ಅದು ತರುಣರ ಬಂಡಾಯವಾಗಿ ಹಬ್ಬಿದ್ದು ಬ್ರಿಟನ್ನಿನಲ್ಲಿ. ೧೯೭೬ರಲ್ಲಿ ಅಲ್ಲಿಯ ನಿರುದ್ಯೋಗಿಗಳ ಸಂಖ್ಯೆ ೧೦ ಲಕ್ಷವನ್ನು ಮೀರಿತ್ತು. ಒಂದು ಕಾಲಕ್ಕೆ ಜಗತ್ತನ್ನಾಳಿದ ಸರ್ಕಾರ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಮುಂದೆ ಸಾಲಕ್ಕಾಗಿ ಕೈಯೊಡ್ಡಿತ್ತು. ಮರುವರ್ಷ ರಾಣಿಯ ಆಳಿಕೆಯ ಬೆಳ್ಳಿಹಬ್ಬ. ಆ ಸಡಗರದ ನಡುವೆ ಸೆಕ್ಸ್ ಪಿಸ್ಟಲ್ಸ್ ರಾಷ್ಟ್ರಗೀತೆಯ ಹೆಸರನ್ನೇ ಇಟ್ಟು ಅಣಕದ ಹಾಡೊಂದನ್ನು ಹೊರತಂದಿತು. ಬಿ.ಬಿ.ಸಿ. ಅದನ್ನು ಬಿತ್ತರಿಸಲೊಪ್ಪಲಿಲ್ಲ, ಆದರೂ ಮಾರಾಟದ ಪಟ್ಟಿಯಲ್ಲಿ ಅದು ೨ನೆಯ ಸ್ಥಾನಕ್ಕೇರಿತು.

ಹರಿದ ಅಂಗಿ, ಅದಕ್ಕೆ ಚುಚ್ಚಿದ ಪಿನ್ನು, ಬಣ್ಣದ ಕೂದಲು, ಇವನ್ನು ಪೇಟೆ ಬಹುಬೇಗ ಕೊಂಡುಕೊಂಡಿತು. ವೆಸ್ಟ್‌ವುಡ್ ಅವರಿಗೆ ೨೦೦೬ರಲ್ಲಿ, ಅದೇ ರಾಣಿಯ ಆಳಿಕೆಯಲ್ಲಿಯೇ, 'ಡೇಮ್' ಬಿರುದು ಬಂದಿತು. ಇಲ್ಲಿಯವರೆಗೆ ಮಗನ ಮಾತು ಸರಿ.

ಆದರೆ ಪಂಕ್ ಎಂದರೆ ವೇಷವಷ್ಟೇ ಅಲ್ಲ. ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡದವರು ೧೯೭೭ರ ಜನವರಿಯಲ್ಲಿ, ಬಂಧುಮಿತ್ರರಿಂದ ೫೦೦ ಪೌಂಡ್ ಸಾಲವೆತ್ತಿ, ತಮ್ಮ ಮುದ್ರಿಕೆಯನ್ನು ತಾವೇ ಪ್ರಕಟಿಸಿದರು. ದೊಡ್ಡ ಕಂಪನಿಗಳ ಬಾಗಿಲು ಕಾಯಬೇಕಿಲ್ಲವೆಂಬ ಧೈರ್ಯ ಅನೇಕರಿಗೆ ಹಾಗೆ ಬಂದಿತು. ತರುಣರು ತಮ್ಮ ಪತ್ರಿಕೆಗಳನ್ನು ತಾವೇ ಬರೆದು, ನಕಲು ತೆಗೆದು, ಹಂಚಿದರು. ಹಿರಿಯರನ್ನು ಕೆಣಕಲೆಂದು ಕೆಲವರು ನಾಜಿಗಳ ಸ್ವಸ್ತಿಕವನ್ನು ತೊಟ್ಟುದು ಅವಿವೇಕವೇ ಸರಿ. ಆದರೆ ೧೯೭೮ರ ಏಪ್ರಿಲ್ ೩೦ರಂದು, ವರ್ಣದ್ವೇಷವನ್ನು ವಿರೋಧಿಸಿ ಟ್ರಫಾಲ್ಗರ್ ಚೌಕದಿಂದ ವಿಕ್ಟೋರಿಯಾ ಪಾರ್ಕಿಗೆ ನಡೆದುಬಂದ ಸಹಸ್ರಾರು ಜನರೆದುರು ಹಾಡಿದವರಲ್ಲಿ ಪಂಕ್ ತಂಡವಾದ ಕ್ಲ್ಯಾಶ್ ಕೂಡ ಇತ್ತು.

ದೋಣಿಯ ಮೇಲೆ ಸುಟ್ಟುಹೋದುದು ಮಾರಲು ಬರುವ ವಸ್ತುಗಳು ಮಾತ್ರ. ಅನುಮತಿಗೆ ಕಾಯದೆ ತನ್ನ ಮಾತನ್ನು ತಾನೇ ಆಡಬಹುದೆಂಬ ಪಾಠ ಅವುಗಳಲ್ಲಿ ಇರಲಿಲ್ಲ. ತರುಣರ ಒರಟು ದನಿಗೆ ಮೂಗುಮುರಿಯುವ ನಾವು ಅಧ್ಯಾಪಕರು, ಅದರ ಹಿಂದೆ ಕೆಲಸವಿಲ್ಲದ ಕೈಗಳಿವೆಯೇ ಎಂಬುದನ್ನು ಮೊದಲು ವಿಚಾರಿಸುವುದು ಲೇಸು.